ಎ-ಲೆವೆಲ್‌ನಲ್ಲಿ ಅಗಸ್ಟಸ್‌ನನ್ನು ಓದಿದ ಬಗೆ

ಇಂಗ್ಲೆಂಡಿನ ಎ-ಲೆವೆಲ್ ನಮ್ಮ ಪಿಯುಸಿ ಮಟ್ಟದ ಓದು. ಅದರಲ್ಲಿ ನಾನು ಆರಿಸಿಕೊಂಡ ವಿಷಯಗಳಲ್ಲಿ ಕ್ಲಾಸಿಕಲ್ ಸಿವಿಲೈಸೇಷನ್, ಅಂದರೆ ಪ್ರಾಚೀನ ಗ್ರೀಕ್-ರೋಮನ್ ನಾಗರಿಕತೆ, ಒಂದು. ಗ್ರೀಕ್, ಲ್ಯಾಟಿನ್ ಬರಲೇಬೇಕೆಂದಿಲ್ಲ. ಎಲ್ಲವನ್ನೂ ಇಂಗ್ಲಿಷ್ ಅನುವಾದದಲ್ಲೇ ಓದಬಹುದು. ಮೂರು ಪತ್ರಿಕೆಗಳ ಪೈಕಿ ಹೋಮರ್, ವರ್ಜಿಲ್‌ರ ಮಹಾಕಾವ್ಯಗಳಿಗೆ ಶೇ. 40ರಷ್ಟು ಅಂಕ, ಉಳಿದೆರಡಕ್ಕೆ ತಲಾ ಶೇ. 30. ನನ್ನನ್ನು ಹಿಡಿದು ಕೂರಿಸಿದ್ದು ರೋಮಿನ ಮೊದಲ ಚಕ್ರವರ್ತಿ ಅಗಸ್ಟಸ್ ಜನರ ಕಣ್ಣಲ್ಲಿ ತನ್ನ ರೂಪವನ್ನು ಹೇಗೆ ಕಟ್ಟಿಕೊಂಡ ಎಂಬ ಭಾಗ.

ಟಿಪ್ಪಣಿ ಉರುಹೊಡೆಯುವ ಬದಲು ಒಂದು ಬರಹ, ಒಂದು ವಸ್ತು ಎರಡನ್ನೂ ಜೊತೆಗಿಟ್ಟುಕೊಂಡು ಓದಿದೆ. ಇದನ್ನು ನೋಡುತ್ತಿದ್ದವರು ಯಾರು, ಇದರಲ್ಲಿ ಏನನ್ನು ಹೇಳದೆ ಬಿಟ್ಟಿದ್ದಾರೆ ಎಂದು ಪ್ರತಿಸಲವೂ ಕೇಳಿಕೊಳ್ಳುತ್ತಿದ್ದೆ.

ಅಗಸ್ಟಸ್ ತನ್ನ ಸಾಧನೆಗಳನ್ನು ತಾನೇ ಬರೆದಿಟ್ಟಿದ್ದಾನೆ. ರೋಮಿನ ತನ್ನ ಸಮಾಧಿಯ ಮುಂದೆ ಕಂಚಿನಲ್ಲಿ ಕೆತ್ತಿಸಿದ್ದ ಆ ಬರಹ ಈಗ ನಮಗೆ ಹೆಚ್ಚಾಗಿ ಸಿಗುವುದು ಟರ್ಕಿಯ ಅಂಕಾರಾದ ದೇವಾಲಯದ ಗೋಡೆಯ ಮೇಲಿರುವ ಪ್ರತಿಯಿಂದ. ಹತ್ತೊಂಬತ್ತನೇ ವಯಸ್ಸಿಗೇ ಸ್ವಂತ ಖರ್ಚಿನಲ್ಲಿ ಸೈನ್ಯ ಕಟ್ಟಿದೆ ಎಂದೇ ಶುರುಮಾಡುತ್ತಾನೆ. ಆದರೆ ತನ್ನ ಎದುರಾಳಿಗಳಾಗಿದ್ದ ಬ್ರೂಟಸ್, ಕ್ಯಾಸಿಯಸ್, ಆಂಟನಿ ಯಾರ ಹೆಸರನ್ನೂ ಎತ್ತುವುದಿಲ್ಲ. ಇದರ ಪಕ್ಕಕ್ಕೆ 1863ರಲ್ಲಿ ರೋಮ್ ಬಳಿಯ ಪ್ರೀಮಾ ಪೋರ್ಟಾದಲ್ಲಿ ಸಿಕ್ಕ ಅವನ ಶಿಲ್ಪವನ್ನಿಟ್ಟೆ. ಅದರ ಎದೆಕವಚದ ಮೇಲೆ ರೋಮಿನ ಪೂರ್ವದ ಎದುರಾಳಿ ರಾಜ್ಯವಾದ ಪಾರ್ಥಿಯಾದವನೊಬ್ಬ ಹಿಂದೆ ಕಸಿದುಕೊಂಡಿದ್ದ ರೋಮನ್ ಸೇನಾಧ್ವಜವನ್ನು ಹಿಂದಿರುಗಿಸುತ್ತಿದ್ದಾನೆ. ಕ್ರಿ.ಪೂ. 20ರಲ್ಲಿ ಆ ಧ್ವಜಗಳು ಮರಳಿದ್ದು ಸಂಧಾನದಿಂದ, ಯುದ್ಧದಿಂದಲ್ಲ. ಶಿಲ್ಪ ಮಾತ್ರ ಅದನ್ನು ದೊಡ್ಡ ವಿಜಯವೆಂಬಂತೆ ತೋರಿಸುತ್ತದೆ. ರೋಮನ್ ಲೇಖಕ ಸ್ಯೂಟೋನಿಯಸ್ ಬರೆದ ಅಗಸ್ಟಸ್‌ನ ಜೀವನಚರಿತ್ರೆ ತೆಗೆದರೆ, ಹುಳುಕು ಹಲ್ಲಿನ, ಎತ್ತರ ಕಾಣಲೆಂದು ದಪ್ಪ ಅಟ್ಟೆಯ ಪಾದರಕ್ಷೆ ಹಾಕುತ್ತಿದ್ದ ಮನುಷ್ಯ ಸಿಗುತ್ತಾನೆ. ಎಪ್ಪತ್ತೈದು ದಾಟಿ ಬದುಕಿದವನ ಮುಖ ಶಿಲ್ಪಗಳಲ್ಲಿ ಮುಪ್ಪಾಗುವುದೇ ಇಲ್ಲ. ಈ ಮೂರನ್ನು ಒಟ್ಟಿಗೆ ನೋಡಿದ ಮೇಲೆಯೇ ನನಗೆ ವಿಷಯ ಹತ್ತಿದ್ದು.

ಈಗಿನ ಸುಡಾನಿನ ಮೆರೊಯೆಯಲ್ಲಿ ಸಿಕ್ಕ, ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಕಂಚಿನ ತಲೆಯನ್ನು ಈ ವಿಷಯ ಓದುವವರು ಹೋಗಿ ನೋಡಲೇಬೇಕು. ರೋಮನ್ ಈಜಿಪ್ಟಿನ ಮೇಲೆ ದಾಳಿ ಮಾಡಿದ, ಅದರ ದಕ್ಷಿಣಕ್ಕಿದ್ದ ಕುಶ್ ರಾಜ್ಯದವರು ಅಗಸ್ಟಸ್‌ನ ಪ್ರತಿಮೆಯ ತಲೆ ಕಡಿದು ತಂದು, ತಮ್ಮ ವಿಜಯದ ಗುಡಿಯ ಮೆಟ್ಟಿಲ ಕೆಳಗೆ ಹೂತರು, ಬಂದವರೆಲ್ಲ ತುಳಿಯಲೆಂದು. ಹೂತಿಟ್ಟಿದ್ದರಿಂದಲೇ ಗಾಜು, ಕಲ್ಲು ಸೇರಿಸಿ ಮಾಡಿದ ಆ ಕಣ್ಣುಗಳು ಇನ್ನೂ ಉಳಿದಿವೆ. ರಾಜನ ಚಿತ್ರ ಎಲ್ಲೆಡೆ ತಲುಪಿತು ಎಂದು ಬರೆದರೆ ಸಾಲದು, ತಲುಪಿದ ಕಡೆ ಜನ ಅದನ್ನು ಏನು ಮಾಡಿದರು ಎಂಬುದೂ ಪ್ರಬಂಧಕ್ಕೆ ಬರಬೇಕು ಎಂದು ಕಲಿಸಿದ್ದು ಈ ತಲೆ.

ಭಾರತದ ರಾಜರಿಂದ ತನ್ನ ಬಳಿಗೆ ರಾಯಭಾರಿಗಳು ಬರುತ್ತಿದ್ದರೆಂದು ಅಗಸ್ಟಸ್ ಆ ಶಾಸನದಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಆದರೆ ನಾಣ್ಯ ವ್ಯಾಪಾರದ ಗುರುತು, ರಾಯಭಾರದ್ದಲ್ಲ. ಎರಡನ್ನೂ ಬೆರೆಸದೆ ಬರೆಯಬೇಕು.

ಪರೀಕ್ಷೆ ಹತ್ತಿರ ಬಂದಾಗ ಒಂದೊಂದು ವಸ್ತುವಿಗೂ ಒಂದೊಂದು ಹಾಳೆ ಇಟ್ಟೆ. ಮೇಲೆ ಕಣ್ಣಿಗೆ ಕಾಣುವ ವಿವರ, ಕೆಳಗೆ ಅದರಿಂದ ಏನು ಹೇಳಬಹುದು, ಕೊನೆಗೆ ಅದಕ್ಕೆ ಎದುರು ನಿಲ್ಲುವ ಒಂದು ಸಾಕ್ಷ್ಯ. ಉತ್ತರವನ್ನೂ ಅದೇ ಕ್ರಮದಲ್ಲಿ ಬರೆದೆ.