ಗೋಡೆಗೆ ಇಳಿಬಿಟ್ಟ ಈರುಳ್ಳಿ ಚೀಲ

ನೀರಿನ ದಂಡೆಯ ಆರೋಗ್ಯ ನೋಡುವುದನ್ನು ನಾನು ಕಲಿತದ್ದು ಕಡಲಲ್ಲಿ, ಮಾಡಿದ್ದೆಲ್ಲ ಹೊಳೆಯಲ್ಲಿ. ತೀರ್ಥಹಳ್ಳಿ ಕಡೆಯ ಹುಡುಗಿ ಕಾರವಾರದ ಕೋಡಿಬಾಗಕ್ಕೆ ಕಡಲ ಜೀವಶಾಸ್ತ್ರ ಓದಲು ಹೊರಟಾಗ ಮನೆಯಲ್ಲಿ ಅದೊಂದು ತಮಾಷೆಯಾಗಿತ್ತು. ‘ಎಂತ ಮಾರಾಯ್ತಿ, ಅಲ್ಲಿ ಓದಿ ಇಲ್ಲಿ ಬಂದು ಎಂತ ಮಾಡ್ತೀಯೆ? ಗದ್ದೇಲಿ ತಿಮಿಂಗಿಲ ಹುಡುಕ್ತೀಯಾ?’ ಎಂದು ದೊಡ್ಡಪ್ಪ ಕೇಳಿದ್ದರು. ಉತ್ತರ ನನ್ನಲ್ಲೂ ಇರಲಿಲ್ಲ.

ಕಾರವಾರದಲ್ಲಿ ನಮ್ಮ ಕೆಲಸ ಇಳಿತದ ಹೊತ್ತಿಗೆ ಶುರು. ಕೊಲ್ಲಿಯ ದಂಡೆಯ ಮೇಲಿಂದ ನೀರಿನವರೆಗೆ ಹಗ್ಗ ಎಳೆದು, ಅದರುದ್ದಕ್ಕೂ ಅರ್ಧ ಮೀಟರ್ ಚೌಕಟ್ಟು ಇಟ್ಟು, ಒಳಗೆ ಬಂದದ್ದನ್ನೆಲ್ಲ ಎಣಿಸುವುದು: ಬಂಡೆಗೆ ಅಂಟಿ ಬಾಳುವ ಚಿಪ್ಪಿನ ಬಾರ್ನಕಲ್, ಕಲ್ವ, ಬಸವನಹುಳು, ಪಾಚಿ. ಬಂಡೆಯ ಮೇಲೆ ಜೀವಿಗಳು ಪಟ್ಟೆಪಟ್ಟೆಯಾಗಿ ಕೂತಿರುತ್ತವೆ. ಒಣಗುವುದನ್ನು ತಾಳುವವು ಮೇಲೆ, ತಾಳದವು ಕೆಳಗೆ. ಅದೇ ನೀರು ಬಡಿಯುವ ನುಣುಪು ಸಿಮೆಂಟ್ ಗೋಡೆಯ ಮೇಲೆ ಒಂದೆರಡು ಜಾತಿ ಬಿಟ್ಟರೆ ಬೇರೆ ಇರುತ್ತಿರಲಿಲ್ಲ. ಅಲೆತಡೆಗೆಂದು ಸುರಿದ ಕಲ್ಲುರಾಶಿಯ ಸಂದಿಗಳಲ್ಲಿ ಮಾತ್ರ ಏಡಿಗಳ ಓಡಾಟ. ಅಂದು ಅದನ್ನು ಬರೆದುಕೊಂಡು ಅಂಕ ತೆಗೆದುಕೊಂಡೆ, ಅಷ್ಟೆ. ಅರ್ಥವಾದದ್ದು ಎಷ್ಟೋ ವರ್ಷ ಕಳೆದ ಮೇಲೆ, ಶಿವಮೊಗ್ಗದಲ್ಲಿ.

ಶಿವಮೊಗ್ಗದ ಕಾಲೇಜಿಗೆ ಪಾಠ ಮಾಡಲು ಬಂದಾಗ ಊರ ನಡುವೆ ತುಂಗೆ ಇತ್ತು, ಕೈಯಲ್ಲಿ ಕಡಲ ವಿದ್ಯೆ ಇತ್ತು. ಕಡಲಿನ ದಂಡೆಗೂ ಹೊಳೆಯ ದಂಡೆಗೂ ಏನು ಸಂಬಂಧ ಎಂದು ಮೊದಲ ಮಳೆಗಾಲದವರೆಗೂ ಅಂದುಕೊಂಡಿದ್ದೆ. ಆಷಾಢದಲ್ಲಿ ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿತು ಎಂಬ ಸುದ್ದಿ ಹಬ್ಬಿ, ಊರಿಗೆ ಊರೇ ಹೆಂಡತಿ ಮಕ್ಕಳ ಸಮೇತ ಸೇತುವೆಯ ಮೇಲೆ ನಿಂತಿತ್ತು. ನಾನೂ ನಿಂತೆ. ಕಡಲು ದಿನಕ್ಕೆ ಎರಡು ಸಲ ಏರಿಳಿಯುವುದನ್ನು ಈ ಹೊಳೆ ವರ್ಷಕ್ಕೊಮ್ಮೆ ಮಾಡುತ್ತದೆ. ಮಂಟಪ ಮುಳುಗುವ ಮಟ್ಟದಿಂದ ಬೇಸಿಗೆಯ ಕಲ್ಲಿನವರೆಗಿನ ಅಷ್ಟು ಜಾಗ ಹೊಳೆಯ ಉಬ್ಬರವಿಳಿತದ ಪಟ್ಟಿ. ಊರವರು ಗೋಡೆ, ಮೆಟ್ಟಿಲು, ದಂಡೆಗೆ ಕಲ್ಲು ಹಾಸುವ ಪಿಚಿಂಗ್, ನಡಿಗೆಯ ದಾರಿ ಎಲ್ಲವನ್ನೂ ಕಟ್ಟಿರುವುದು ಸರಿಯಾಗಿ ಅದೇ ಪಟ್ಟಿಯ ಮೇಲೆ.

ಹೊಳೆಯ ಆರೋಗ್ಯ ಅಳೆಯಲು ಹೊರಟ ಮೊದಲ ಚಳಿಗಾಲ ನಾನು ಮಾಡಿದ್ದು ಬಹುಪಾಲು ತಪ್ಪು. ಇಳಿಯಲು ಸುಲಭ ಎಂದು ಸ್ನಾನದ ಮೆಟ್ಟಿಲುಗಳಿಂದಲೇ ಮಾದರಿ ತೆಗೆದೆ. ಮೆಟ್ಟಿಲ ಬುಡದಲ್ಲಿ ಸೋಪು, ಹೂವು, ಹಳೆ ಬಟ್ಟೆ. ಅದು ಹೊಳೆಯ ಲೆಕ್ಕವಲ್ಲ, ಮೆಟ್ಟಿಲ ಲೆಕ್ಕ. ಇನ್ನೊಂದು ತಪ್ಪು ಹೋಲಿಕೆಯದು. ಆರೋಗ್ಯವಾದ ಒಂದು ಜಾಗ ಇಲ್ಲದೆ ರೋಗ ಹೇಳಲಾಗುವುದಿಲ್ಲವೆಂದು ಮಂಡಗದ್ದೆಯನ್ನು ಆರಿಸಿದ್ದೆ. ಬಸ್ಸಿಳಿದರೆ ಹೊಳೆ, ನೋಡಲು ಹಕ್ಕಿಗಳು. ಆದರೆ ಬೆಳ್ಳಕ್ಕಿ, ನೀರುಕಾಗೆಗಳು ಮಳೆಗಾಲವಿಡೀ ಗೂಡುಕಟ್ಟಿ ಹಿಕ್ಕೆ ಹಾಕುವ ಜಾಗ ಹೋಲಿಕೆಗೆ ಒಳ್ಳೆಯದಲ್ಲ ಎಂದು ಆಮೇಲೆ ಹೊಳೆಯಿತು. ತೀರ್ಥಹಳ್ಳಿಗೂ ಮೇಲೆ, ಹೊಳೆಮತ್ತಿ ಮರದ ಬೇರುಗಳು ನೀರಿಗೆ ಇಳಿದಿರುವ ಕಡೆಗೆ ಹೋದೆ. ಅಲ್ಲೂ ಎಚ್ಚರ ಬೇಕು: ಕಲ್ಲುಗಳ ಮೇಲೆ ಹರಿಯುವ ನೀರನ್ನು ಕಲ್ಲುಗಳ ಮೇಲೆ ಹರಿಯುವ ನೀರಿನೊಂದಿಗೇ ಹೋಲಿಸಬೇಕು, ಮಡುವನ್ನು ಮಡುವಿನೊಂದಿಗೆ. ನನ್ನ ಮೊದಲ ವರ್ಷದ ಪಟ್ಟಿಯಲ್ಲಿ ಅವೆರಡೂ ಕಲಸಿಹೋಗಿದ್ದವು. ಅದನ್ನು ಎಸೆದೆ.

ನೀರಿನ ಪರೀಕ್ಷೆಯನ್ನು ಬೇಗ ಹೇಳಿಬಿಡುತ್ತೇನೆ, ಎಲ್ಲರೂ ಮಾಡುವುದು ಅದನ್ನೇ. ಕರಗಿದ ಆಮ್ಲಜನಕಕ್ಕೆ ವಿಂಕ್ಲರ್ ವಿಧಾನ. ಬಾಟಲಿಗೆ ಗುಳ್ಳೆ ಬರದಂತೆ ತುಂಬಿ, ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೊಡೈಡನ್ನು ದಂಡೆಯಲ್ಲೇ ಹಾಕಬೇಕು. ‘ಲ್ಯಾಬಿಗೆ ಹೋಗಿ ಹಾಕೋಣ’ ಎಂದರೆ ದಾರಿಯಲ್ಲೇ ಲೆಕ್ಕ ಕೆಡುತ್ತದೆ. ಬಿಒಡಿಯನ್ನು, ಅಂದರೆ ನೀರಿನ ಕೊಳೆಯನ್ನು ಕೊಳೆಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕವನ್ನು, ನಮ್ಮ ದೇಶದ ಪದ್ಧತಿಯಂತೆ 27 ಡಿಗ್ರಿಯಲ್ಲಿ 3 ದಿನ ಇಟ್ಟು ನೋಡುವುದು. ಸ್ನಾನಕ್ಕೆ ಯೋಗ್ಯ ಎನ್ನಬೇಕಾದರೆ ಲೀಟರಿಗೆ ಆಮ್ಲಜನಕ 5 ಮಿಲಿಗ್ರಾಂಗಿಂತ ಕಡಿಮೆ ಇರಬಾರದು, ಬಿಒಡಿ 3 ದಾಟಬಾರದು. ಜನ ಮರೆಯುವುದು ಹೊತ್ತನ್ನು. ಪಾಚಿ ಇರುವ ನೀರಿನಲ್ಲಿ ಮಧ್ಯಾಹ್ನ ಮೂರಕ್ಕೆ ಆಮ್ಲಜನಕ ಧಾರಾಳ, ಬೆಳಗಿನ ಜಾವ ಅತಿ ಕಡಿಮೆ. ಕಚೇರಿ ಹೊತ್ತಿನಲ್ಲಿ ತೆಗೆದ ಮಾದರಿ ಯಾವಾಗಲೂ ಹೊಳೆಯ ಪರವಾಗಿಯೇ ಸಾಕ್ಷಿ ಹೇಳುತ್ತದೆ. ನಾನು ಬೆಳಿಗ್ಗೆ ಆರಕ್ಕೆ ಹೋಗುತ್ತೇನೆ. ಡಿಸೆಂಬರಿನ ಮಂಜಿನಲ್ಲಿ ಬರುವ ವಿದ್ಯಾರ್ಥಿಗಳ ಸಂಖ್ಯೆಯೂ ಅತಿ ಕಡಿಮೆ.

ಹುಳಗಳ ಲೆಕ್ಕ ಇದಕ್ಕಿಂತ ಪ್ರಾಮಾಣಿಕ. ನೀರಿನ ಮಾದರಿ ಆ ಕ್ಷಣದ ಫೋಟೊ. ಕಲ್ಲಡಿಯ ಹುಳ ತಿಂಗಳುಗಟ್ಟಲೆ ಅಲ್ಲೇ ಬಾಳಿದ್ದು, ನಿನ್ನೆ ರಾತ್ರಿ ಯಾರೋ ಏನೋ ಬಿಟ್ಟಿದ್ದರೂ ಅದಕ್ಕೆ ಗೊತ್ತು. ಬ್ರಿಟನ್ನಿನಲ್ಲಿ ಹುಟ್ಟಿದ ಅಂಕ ಪದ್ಧತಿಯೊಂದನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನಮ್ಮ ನದಿಗಳಿಗೆ ಒಗ್ಗಿಸಿಕೊಂಡಿದೆ. ಹುಳಗಳ ಪ್ರತಿ ಕುಟುಂಬಕ್ಕೂ, ಅಂದರೆ ಹತ್ತಿರದ ಜಾತಿಗಳ ಗುಂಪಿಗೂ, 1ರಿಂದ 10ರವರೆಗೆ ಅಂಕ. ಶುದ್ಧ, ತಂಪು ನೀರು ಬಿಟ್ಟು ಬದುಕದ ಸ್ಟೋನ್‌ಫ್ಲೈ ಎಂಬ ಕೀಟದ ಮರಿಗೆ 10, ಕೊಳಚೆಯಲ್ಲೂ ಬಾಳುವ ಕೆಂಪು ಹುಳಕ್ಕೆ 2, ಕೆಸರಿನ ಎರೆಹುಳದ ನೆಂಟರಿಗೆ 1. ಸಿಕ್ಕ ಕುಟುಂಬಗಳ ಅಂಕ ಕೂಡಿಸಿ ಕುಟುಂಬಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಬರುತ್ತದೆ.

ಇನ್ನೊಂದು ಲೆಕ್ಕ ವೈವಿಧ್ಯದ್ದು. ನನ್ನ ವಿದ್ಯಾರ್ಥಿಗಳಿಗೆ ಇದು ಆಟದಷ್ಟು ಇಷ್ಟ, ಹೆಸರು ಗೊತ್ತಿಲ್ಲದವರೂ ಮಾಡಬಹುದು. ಬಿಳಿ ಟ್ರೇಯಿಂದ ಆರಿಸದೆ ಒಂದೊಂದೇ ಹುಳ ಎತ್ತಿ ಸಾಲಾಗಿ ಇಡುತ್ತಾ ಹೋಗುವುದು. ಹಿಂದಿನದರಂತೆಯೇ ಇದ್ದರೆ ‘ಅದೇ’, ಬೇರೆಯಾದರೆ ‘ಬೇರೆ’. ಮೊದಲನೆಯದು ಯಾವಾಗಲೂ ‘ಬೇರೆ’. ಉದಾಹರಣೆಗೆ 20 ಹುಳದಲ್ಲಿ 7 ಸಲ ‘ಬೇರೆ’ ಬಂದರೆ 7 ಭಾಗಿಸು 20, ಅಂದರೆ 0.35. ಒಂದಕ್ಕೆ ಹತ್ತಿರವಾದಷ್ಟೂ ಆ ಜಾಗದಲ್ಲಿ ಸಂಸಾರಗಳು ಹೆಚ್ಚು. ಮಂಡಳಿಯ ಕೋಷ್ಟಕದಲ್ಲಿ ಈ ಎರಡೂ ಅಂಕಗಳನ್ನು ಸೇರಿಸಿ ನೋಡಿ ಎ ಯಿಂದ ಇ ವರೆಗೆ ದರ್ಜೆ ಕೊಡುತ್ತಾರೆ. ಎ ಗೆ ನೀಲಿ ಬಣ್ಣ, ಇ ಗೆ ಕೆಂಪು.

ತೀರ್ಥಹಳ್ಳಿಯ ಮೇಲೆ ಬಲೆ ಹಿಡಿದು, ಅದರ ಮುಂದೆ ಕಾಲಿನಿಂದ ಕಲ್ಲು ಕೆದಕಿದರೆ ಟ್ರೇ ಕುಣಿಯುತ್ತದೆ: ಮೇಫ್ಲೈ ಎಂಬ ಕೀಟದ ಚಪ್ಪಟೆ ಮರಿಗಳು, ಮರಳಿನ ಚೀಲ ಹೊದ್ದ ಕ್ಯಾಡಿಸ್ ಹುಳ, ನಾವು ಏರೋಪ್ಲೇನ್ ಚಿಟ್ಟೆ ಎನ್ನುವುದರ ಮರಿ, ಕಲ್ಲಡಿಗೆ ನಾಣ್ಯದ ಹಾಗೆ ಅಂಟಿದ ದುಂಬಿಮರಿ. ಶಿವಮೊಗ್ಗದಲ್ಲಿ ಮೋರಿ ಬಂದು ಸೇರುವ ಬಾಯಲ್ಲಿ ಕೆಂಪು ಹುಳ, ಮತ್ತೆ ಕೆಂಪು ಹುಳ. ಇದರಲ್ಲಿ ಆಶ್ಚರ್ಯವೇನಿಲ್ಲ. 2018ರಲ್ಲಿ ರಾಜ್ಯದ 17 ಕಲುಷಿತ ನದಿ ಭಾಗಗಳನ್ನು ಪಟ್ಟಿ ಮಾಡಿದಾಗ ಅದರಲ್ಲಿ ಶಿವಮೊಗ್ಗದಿಂದ, ಭದ್ರೆ ಬಂದು ಸೇರುವ ಕೂಡ್ಲಿವರೆಗಿನ ತುಂಗೆಯೂ ಇತ್ತು. (ತುಂಗಾ ಪಾನದ ಗಾದೆಯನ್ನು ಭಾಷಣ ಮಾಡುವವರೆಲ್ಲ ಹೇಳುತ್ತಾರೆ, ನಾನು ಹೇಳುವುದಿಲ್ಲ.)

ನನ್ನನ್ನು ಕಾಡಿದ್ದು ಮೋರಿಯಲ್ಲ, ಗೋಡೆ. ಮೋರಿ ಸೇರುವುದಕ್ಕೂ ಸಾಕಷ್ಟು ಮೇಲೆ ನೇರವಾದ ತಡೆಗೋಡೆಯ ಒಂದು ಭಾಗವಿದೆ. ಅಲ್ಲಿ ಬೆಳಗಿನ ಆಮ್ಲಜನಕ ಸರಿ, ಬಿಒಡಿ ಸರಿ, ಕಾಗದದ ಮೇಲೆ ಸ್ನಾನ ಮಾಡಬಹುದು. ಬಲೆಯನ್ನು ಗೋಡೆಗುಂಟ ಉಜ್ಜಿ ಎಳೆದರೆ ಮಾತ್ರ ಹಸಿರು ಲೋಳೆ ಬಿಟ್ಟು ಏನೂ ಇಲ್ಲ. ‘ಮೇಡಂ, ವಿಷ ಗಿಷ ಸೇರಿದ್ಯಾ?’ ಎಂದು ಹುಡುಗರು ಕೇಳಿದರು. ನಾನೂ ಒಂದಿಡೀ ವರ್ಷ ಹಾಗೇ ನಂಬಿದ್ದೆ, ಮೇಲಿನ ತೋಟಗಳ ಔಷಧಿ ಇರಬೇಕು ಎಂದು ಆಧಾರವಿಲ್ಲದೆ ಪಾಠದಲ್ಲೂ ಹೇಳಿಬಿಟ್ಟಿದ್ದೆ.

ಆಗ ನೆನಪಾದದ್ದು ಕಾರವಾರ. ಅಲ್ಲಿಯೂ ನೀರು ಒಂದೇ. ನುಣುಪು ಗೋಡೆ ಖಾಲಿ, ಕಲ್ಲುರಾಶಿ ತುಂಬಿತ್ತು. ಹಾಗಾದರೆ ಇಲ್ಲಿ ಕೆಟ್ಟಿರುವುದು ನೀರೋ, ಮನೆಯೋ? ಗೊತ್ತಾಗಬೇಕಾದರೆ ಒಂದೇ ದಾರಿ, ಮನೆ ಕೊಟ್ಟು ನೋಡುವುದು.

ಎಪಿಎಂಸಿಯಿಂದ ಈರುಳ್ಳಿ ತುಂಬುವ ಕೆಂಪು ಬಲೆಚೀಲಗಳನ್ನು ತಂದೆವು. ಮುಷ್ಟಿ ಗಾತ್ರದ ಹೊಳೆಗಲ್ಲುಗಳನ್ನು ಬ್ರಷ್ಷಿನಿಂದ ತಿಕ್ಕಿ ತೊಳೆದು, ಮೊದಲೇ ಯಾವ ಹುಳವೂ ಅಂಟಿಕೊಂಡಿರದಂತೆ ಒಂದು ವಾರ ಬಿಸಿಲಿಗೆ ಹಾಕಿದೆವು. ಚೀಲಕ್ಕೆ ಇಪ್ಪತ್ತು ಕಲ್ಲು. ನೈಲಾನ್ ಹಗ್ಗ ಕಟ್ಟಿ ನೀರಿನ ಮಟ್ಟಕ್ಕಿಂತ ಒಂದು ಮೊಳ ಕೆಳಗೆ ನಿಲ್ಲುವಂತೆ ಇಳಿಬಿಟ್ಟೆವು. ಒಂದು ಜಾಗಕ್ಕೆ ಮೂರು ಚೀಲ, ಯಾಕೆಂದರೆ ಒಂದು ಖಂಡಿತ ಕಳೆದುಹೋಗುತ್ತದೆ. ಮೂರು ಜಾಗ: ತೀರ್ಥಹಳ್ಳಿಯ ಮೇಲೆ, ಆ ಖಾಲಿ ಗೋಡೆಗೆ, ಮೋರಿಯ ಕೆಳಗೆ. ಐದು ವಾರ ಮುಟ್ಟಬಾರದು.

ಮೊದಲ ಸಲ ಎರಡನೇ ವಾರಕ್ಕೇ ಮೇಲಿನ ಗಾಜನೂರು ಅಣೆಕಟ್ಟಿನಿಂದ ನೀರು ಬಿಟ್ಟರು. ಹಗ್ಗ ಗಿಡ್ಡವಾಗಿ ಕಟ್ಟಿದ್ದೆವು. ಚೀಲಗಳು ಗೋಡೆಗೆ ಬಡಿದು ಬಡಿದು ಹರಿದುಹೋದವು. ಮತ್ತೆ ಕಟ್ಟಿದೆವು, ಈ ಸಲ ಬುಡಕ್ಕೊಂದು ಭಾರದ ಕಲ್ಲು ಬಿಗಿದು. ಎತ್ತುವಾಗ ಇನ್ನೊಂದು ಪಾಠ: ಚೀಲ ನೀರಿನಿಂದ ಹೊರಬರುವ ಮೊದಲೇ ಅಡಿಗೆ ಬಟ್ಟೆ ಕಟ್ಟಿದ ಜರಡಿ ಹಿಡಿಯಬೇಕು. ಇಲ್ಲದಿದ್ದರೆ ಒಳಗಿರುವವು ನೀರು ಇಳಿಯುವುದರೊಳಗೆ ಅರ್ಧಕ್ಕರ್ಧ ಜಾರಿಕೊಳ್ಳುತ್ತವೆ.

ಮೋರಿಯ ಕೆಳಗಿನ ಚೀಲ ಎತ್ತಿದಾಗ ವಾಸನೆಯೇ ಫಲಿತಾಂಶ ಹೇಳಿತು. ಮನೆ ಕೊಟ್ಟರೂ ಬಂದವು ಕೆಂಪು ಹುಳಗಳೇ. ಖಾಲಿ ಗೋಡೆಯ ಚೀಲವನ್ನು ಟ್ರೇಗೆ ಸುರಿದಾಗ ನಾನು ನಿಜವಾಗಿ ಕೂಗಿಕೊಂಡೆ. ಮೇಫ್ಲೈ ಮರಿಗಳು, ಬಲೆ ನೇಯುವ ಕ್ಯಾಡಿಸ್, ಬಸವನಹುಳು, ಏರೋಪ್ಲೇನ್ ಚಿಟ್ಟೆಯ ಎರಡು ಮರಿಗಳು, ಉಗುರಿನಷ್ಟು ಏಡಿ. ಸ್ಟೋನ್‌ಫ್ಲೈ ಇರಲಿಲ್ಲ, ತೀರ್ಥಹಳ್ಳಿಯ ಟ್ರೇಗೆ ಇದು ಸಮನಲ್ಲ. ಆದರೆ ಆ ಗೋಡೆಯ ಬುಡದಲ್ಲಿ ವರ್ಷವಿಡೀ ಬರೀ ಲೋಳೆ ಎಳೆದಿದ್ದ ನಮಗೆ ಅದು ಜಾತ್ರೆ. ನೀರು ಅವುಗಳನ್ನು ಹೊತ್ತು ತರುತ್ತಲೇ ಇತ್ತು, ಇಳಿಯಲು ನಿಲ್ದಾಣ ಇರಲಿಲ್ಲ. ಔಷಧಿಯ ಮೇಲೆ ಹೊರಿಸಿದ್ದ ಆರೋಪವನ್ನು ಮಾರನೇ ದಿನ ತರಗತಿಯಲ್ಲಿ ಹಿಂದಕ್ಕೆ ತೆಗೆದುಕೊಂಡೆ.

ಅಲ್ಲಿಂದ ನಾನು ಎರಡು ಕಾಯಿಲೆಗಳನ್ನು ಬೇರೆ ಬೇರೆ ಬರೆಯುತ್ತೇನೆ: ನೀರಿನದು, ಅಂಚಿನದು. ಅಂಚಿಗೆ ನಡೆದೇ ಲೆಕ್ಕ. ನೂರು ಮೀಟರ್ ದಂಡೆಯನ್ನು ಹತ್ತು ತುಂಡು ಮಾಡಿ, ಒಂದೊಂದರಲ್ಲೂ ನಾಲ್ಕೇ ಪ್ರಶ್ನೆ. ಬುಡದಲ್ಲಿ ಕೈ ತೂರುವಂಥ ಸಂದಿ ಇದೆಯೇ? ನೀರಿನ ಮೇಲೆ ಮಧ್ಯಾಹ್ನ ನೆರಳು ಬೀಳುತ್ತದೆಯೇ? ಬೇರು, ಬಿದ್ದ ಕೊಂಬೆ ನೀರನ್ನು ಮುಟ್ಟುತ್ತಿದೆಯೇ? ಮೇಲಿಂದ ಕಪ್ಪೆಯೊಂದು ನೀರಿಗಿಳಿದು ಮತ್ತೆ ಹತ್ತಿ ಬರಬಲ್ಲುದೇ? ಇಲ್ಲ ಎಂದರೆ 0, ಅಲ್ಪಸ್ವಲ್ಪ 1, ಚೆನ್ನಾಗಿದೆ 2. ಯಾವ ಗ್ರಂಥದಲ್ಲೂ ಇಲ್ಲದ ನನ್ನದೇ ಅಳತೆ ಇದು, ಆದರೆ ಇಬ್ಬರು ಬೇರೆ ಬೇರೆ ನಡೆದರೂ ಅಂಕ ಹೆಚ್ಚು ಕಡಿಮೆ ಒಂದೇ ಬರುತ್ತದೆ. ಹೊಂಗೆ, ಅತ್ತಿ, ಲಕ್ಕಿ ಇರುವ ಮಣ್ಣುದಂಡೆ ಅಂಕ ತರುತ್ತದೆ. ಲಂಟಾನ ತುಂಬಿದ ದಂಡೆ ಕಣ್ಣಿಗೆ ಹಸಿರಾಗಿ ಕಂಡರೂ ಬೇರು ನೀರಿಗಿಳಿಯುವುದಿಲ್ಲ, ಅಂಕ ಇಲ್ಲ. ಮಿಂಚುಳ್ಳಿಯನ್ನು ನಾನು ಅಂಕಕ್ಕೆ ಸೇರಿಸುವುದಿಲ್ಲ. ಅದು ಗೋಡೆಯ ಕಂಬಿಯ ಮೇಲೂ ಕೂತು ಫೋಟೊಗೆ ಪೋಸು ಕೊಡುತ್ತದೆ. ಅದು ಬಿಲ ತೋಡಿ ಮೊಟ್ಟೆಯಿಡಲು ಬೇಕಾದ ಮಣ್ಣಿನ ದರೆ ಎಷ್ಟು ದೂರ ಎಂದು ನೋಡಬೇಕು.

ಇದನ್ನೆಲ್ಲ ತೋರಿಸಿದಾಗ ಎಂಜಿನಿಯರ್ ಒಬ್ಬರು, ‘ಹಾಗಾದ್ರೆ ಗೋಡೆ ಒಡೀಬೇಕು ಅಂತೀರಾ ಮೇಡಂ? ಪ್ರವಾಹ ಬಂದ್ರೆ ಬಡಾವಣೆಗೆ ಯಾರು ಜವಾಬ್ದಾರಿ?’ ಎಂದರು. ಪ್ರಶ್ನೆ ಸುಳ್ಳಲ್ಲ, ನೀರು ನುಗ್ಗಿದ ಮನೆಗಳನ್ನು ನಾನೂ ಕಂಡಿದ್ದೇನೆ. ಗೋಡೆ ಇರಲಿ, ಬುಡಕ್ಕೆ ಗಾರೆ ಹಾಕದೆ ಒರಟು ಕಲ್ಲು ಸುರಿಯಿರಿ, ಕಲ್ಲುಗಳ ನಡುವೆ ಲಕ್ಕಿಕಡ್ಡಿ ನೆಡಿ ಎಂದೆ. ಟೆಂಡರಿನಲ್ಲಿ ‘ಸುರಿದ ಕಲ್ಲು’ ಎಂಬ ಬಾಬತ್ತೇ ಇಲ್ಲವಂತೆ. ಮಾತು ಅಲ್ಲಿಗೆ ನಿಂತಿದೆ.

ಚೀಲಗಳನ್ನು ಈಗಲೂ ಪ್ರತಿ ವರ್ಷ ಎಳ್ಳಮಾವಾಸ್ಯೆ ಕಳೆದ ಮೇಲೆ ಕಟ್ಟುತ್ತೇವೆ. ತೆಪ್ಪದಲ್ಲಿ ಮೀನು ಹಿಡಿಯುವ ಹಿರಿಯರೊಬ್ಬರು ಮೊದಲ ವರ್ಷ, ‘ಇದೆಂಥ ಬಲೆ ಕಣಮ್ಮಾ, ಕಲ್ಲು ತುಂಬಿದ್ರೆ ಮೀನು ಬೀಳ್ತಾವ?’ ಎಂದು ನಕ್ಕಿದ್ದರು. ಆಮೇಲೆ ಹುಡುಗರು ಹಗ್ಗ ಕತ್ತರಿಸದಂತೆ ಕಾವಲು ಅವರದೇ. ಹೋದ ವರ್ಷ ಎತ್ತಲು ಹೋದಾಗ ಗೋಡೆಯ ಮೂರು ಚೀಲಗಳಲ್ಲಿ ಒಂದರ ಬಾಯಿ ಬಿಚ್ಚಿತ್ತು, ಕಲ್ಲುಗಳು ತೊಳೆದಷ್ಟು ಚೊಕ್ಕ. ಕೇಳಿದರೆ ಅವರು ಬೀಡಿ ಆರಿಸಿ ಆಚೆ ನೋಡಿದರು.

‘ಸೀಗಡಿ ಕೂತಿದ್ವು ಕಣಮ್ಮಾ, ಒಂದು ಬೊಗಸೆ. ಸಾರಿಗಾಯ್ತು.’

ಆ ಚೀಲದ ಎದುರು ನನ್ನ ಪುಸ್ತಕದಲ್ಲಿ ‘ಸೀಗಡಿ, ಒಂದು ಬೊಗಸೆ’ ಎಂದೇ ಬರೆದುಕೊಂಡಿದ್ದೇನೆ.