ಮನೆ ಹೆಸರಿನ ಹಲಗೆ: ಪುಟ್ಟ ಸಿಎನ್‌ಸಿಯಲ್ಲಿ ಮೊದಲ ಕೆಲಸ

ಶಿರಸಿಯ ಗುಡಿಗಾರರ ಉಳಿ ಮಾಡುವ ಕೆಲಸ ಮೇಜಿನ ಮೇಲಿನ ಸಿಎನ್‌ಸಿ ರೌಟರ್‌ಗೆ (ಕಂಪ್ಯೂಟರ್ ಹೇಳಿದಂತೆ ‘ಬಿಟ್’ ಎಂಬ ತಿರುಗುವ ಅಲಗನ್ನು ಓಡಿಸಿ ಮರ ಕೆತ್ತುವ ಯಂತ್ರ) ಆಗದು. ನಾಮಫಲಕ, ಕೀಲಿಗೊಂಚಲಿನ ಬಿಲ್ಲೆ, ಪೆಟ್ಟಿಗೆಯ ಮುಚ್ಚಳದಂಥವಕ್ಕೆ ಮಾತ್ರ ಅದು ಚೆನ್ನಾಗಿ ಒದಗುತ್ತದೆ. 3018 ಎಂಬ ಹೆಸರಿನಲ್ಲಿ ಸಿಗುವ ಯಂತ್ರದ ಕೆಲಸದ ಜಾಗ 300×180 ಮಿ.ಮೀ. ಇದರಲ್ಲಿ ಕೆಟ್ಟುಹೋಗುವ ಹಲಗೆಗಳಲ್ಲಿ ಹೆಚ್ಚಿನವು ಮೋಟಾರು ತಿರುಗುವ ಮೊದಲೇ ಕೆಟ್ಟಿರುತ್ತವೆ. ಕಾರಣ ಹಸಿ ಮರ, ಸಡಿಲ ಹಿಡಿತ ಅಥವಾ ತಪ್ಪಿದ ಸೊನ್ನೆ, ಅಂದರೆ ಯಂತ್ರ ಅಳತೆ ಶುರುಮಾಡುವ ಜಾಗ.

ಮರ

ಕಲಿಯಲು ಬೀಟೆ ಬೇಡ. 20 ಮಿ.ಮೀ. ದಪ್ಪದ ಹಲಸು ಅಥವಾ ತೇಗ ಸಾಕು. ಸಾಮಿಲ್ಲಿನಿಂದ ತಂದ ಹಲಗೆಯನ್ನು ಅದೇ ವಾರ ಕೆತ್ತಬೇಡಿ. ತೇವ ಅಳೆಯುವ ಮೀಟರ್ ಶೇ 12ರ ಆಸುಪಾಸು ತೋರಿಸಬೇಕು. 15 ದಾಟಿದ್ದರೆ ಅಂಚು ಸಿಬಿರೇಳುತ್ತದೆ, ಕೆತ್ತಿದ ಮೇಲೂ ಹಲಗೆ ಸೊಟ್ಟಗಾಗುತ್ತದೆ. ಕಾರವಾರ, ಕುಮಟಾ ಕಡೆ ಮಳೆಗಾಲದಲ್ಲಿ ಒಣಗಿದ ಮರವೂ ಮತ್ತೆ ನೀರು ಹೀರುತ್ತದೆ. ಹಾಗಾಗಿ ಬೇಸಿಗೆಯಲ್ಲೇ ಒಣಗಿಸಿ, ಬಿಸಿ ತಾಗುವ ಅಡುಗೆಮನೆ ಅಟ್ಟದಲ್ಲಿಟ್ಟುಕೊಂಡರೆ ಒಳ್ಳೆಯದು.

ಅಕ್ಷರ

ಹೆಸರು ‘ಕೃಷ್ಣಕೃಪಾ’ ಎಂದಿರಲಿ. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ‘ಬಲೂ ತಮ್ಮ’ದಂಥ ದಪ್ಪ ಯೂನಿಕೋಡ್ ಫಾಂಟಿನಲ್ಲಿ ಟೈಪ್ ಮಾಡಿ, ‘ಆಬ್ಜೆಕ್ಟ್ ಟು ಪಾತ್’ ಕೊಟ್ಟು ಅಕ್ಷರಗಳನ್ನು ಗೆರೆಗಳಾಗಿಸಿ, ಅನ್‌ಗ್ರೂಪ್ ಮಾಡಿ, ಕೊನೆಗೆ ತಾಗಿದ ಆಕಾರಗಳನ್ನು ಒಂದಾಗಿಸುವ ‘ಯೂನಿಯನ್’ ಒತ್ತಿ. ಈ ಯೂನಿಯನ್ ಮರೆಯುವವರೇ ಹೆಚ್ಚು. ಒತ್ತಕ್ಷರವೋ ವಟ್ರಸುಳಿಯೋ ಮೇಲಿನ ಅಕ್ಷರಕ್ಕೆ ತಾಗಿದಲ್ಲಿ ಎರಡು ಗೆರೆಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಅದನ್ನು ಹಾಗೇ ಬಿಟ್ಟರೆ ರೌಟರ್ ಅಕ್ಷರದ ಒಳಗೇ ಗೆರೆ ಕೊರೆಯುತ್ತದೆ, ರೌಟರ್ ಬದಲು ಲೇಸರ್ ತಲೆ ಹಾಕಿದ್ದರೆ ಅದು ಆ ಕೂಡುವ ಜಾಗವನ್ನು ಸುಡದೆ ಬಿಳಿಯಾಗಿ ಬಿಡುತ್ತದೆ. ಅಕ್ಷರದ ಎತ್ತರ 40 ಮಿ.ಮೀ.ಗೆ ಕಡಿಮೆಯಾದರೆ ‘ಷ್ಣ’ದ ಒತ್ತು ಮುದ್ದೆಯಾಗುತ್ತದೆ.

ಇದನ್ನು ಡಿಎಕ್ಸ್‌ಎಫ್ ಕಡತವಾಗಿ ಉಳಿಸಿ, ಉಚಿತವಾಗಿ ಸಿಗುವ ಎಫ್-ಎನ್‌ಗ್ರೇವ್ ತಂತ್ರಾಂಶದಲ್ಲಿ ತೆರೆದು ವಿ-ಕಾರ್ವ್ ಆಯ್ದುಕೊಳ್ಳಿ. 3.175 ಮಿ.ಮೀ. ಹಿಡಿಯ 90 ಡಿಗ್ರಿ ವಿ-ಬಿಟ್‌ಗೆ (ತುದಿ ‘ವಿ’ ಆಕಾರದ ಬಿಟ್) ಆಳ ಗೆರೆಯ ಅಗಲದ ಅರ್ಧ: 6 ಮಿ.ಮೀ. ಗೆರೆಗೆ 3 ಮಿ.ಮೀ. ಬಿಟ್ಟಿನ ತಲೆಯೇ ಅಷ್ಟು ಅಗಲವಿಲ್ಲದಿದ್ದರೆ ಅಕ್ಷರವನ್ನು ತೆಳ್ಳಗೆ ಮಾಡಿ.

ಹಿಡಿತ, ಸೊನ್ನೆ

ಹಲಗೆ ಬಿಗಿಯುವ ಕ್ಲ್ಯಾಂಪಿನ ಬೋಲ್ಟು ಎಷ್ಟು ಎತ್ತರಕ್ಕಿದೆ ನೋಡಿ. ಬಿಟ್ ಒಂದೆಡೆಯಿಂದ ಇನ್ನೊಂದೆಡೆಗೆ ಹಾರುವ ಎತ್ತರ, ‘ಸೇಫ್ ಝಡ್’ (ಝಡ್ ಎಂದರೆ ಮೇಲೆ-ಕೆಳಗಿನ ಚಲನೆ), ಅದಕ್ಕಿಂತ ಹೆಚ್ಚಿರಬೇಕು, ಇಲ್ಲವಾದರೆ ಬಿಟ್ ನೇರ ಬೋಲ್ಟಿಗೆ ಬಡಿಯುತ್ತದೆ. ಎಡಗಡೆ ಹತ್ತಿರದ ಮೂಲೆಯಲ್ಲಿ ಒಂದು ಕಾಗದದ ಚೂರಿಟ್ಟು ಬಿಟ್ ಇಳಿಸಿ. ಎಳೆದಾಗ ಕಾಗದ ತುಸು ಹಿಡಿದಂತಾದರೆ ಅದೇ ಝಡ್ ಸೊನ್ನೆ. ಆಮೇಲೆ ಉಳಿದ ಮೂರು ಮೂಲೆಗಳಲ್ಲೂ ಹಾಗೇ ಪರೀಕ್ಷಿಸಿ. 90 ಡಿಗ್ರಿ ಬಿಟ್‌ನಲ್ಲಿ 0.3 ಮಿ.ಮೀ. ಏರುಪೇರಾದರೂ ಗೆರೆಯ ಅಗಲ 0.6 ಮಿ.ಮೀ. ಬದಲಾಗುತ್ತದೆ. ‘ಕೃ’ ದಪ್ಪ, ‘ಪಾ’ ತೆಳು ಬಂದರೆ ಕಾರಣ ಇದೇ. ತಗ್ಗಿದ ಕಡೆ ಕೆಳಗೆ ತೆಳು ರಟ್ಟು ಕೊಡಿ.

ಮೊದಲು ಝಡ್ ಸೊನ್ನೆಯನ್ನು 10 ಮಿ.ಮೀ. ಮೇಲಿಟ್ಟು ಗಾಳಿಯಲ್ಲೇ ಪೂರ್ತಿ ಓಡಿಸಿ. ನಂತರ ನಿಜವಾದ ಕೆತ್ತನೆ: 10,000 ಆರ್‌ಪಿಎಂ, ಅಡ್ಡ ಚಲನೆ ನಿಮಿಷಕ್ಕೆ 500 ಮಿ.ಮೀ., ಕೆಳಕ್ಕಿಳಿಯುವುದು 150, ಒಂದು ಸಲದ ಓಟಕ್ಕೆ ಆಳ 0.5 ಮಿ.ಮೀ. ಸಣ್ಣ ಚೂರು ಹಾರಿದರೆ ಸರಿ. ಹಿಟ್ಟಿನಂಥ ಪುಡಿ, ಸುಟ್ಟ ವಾಸನೆ ಬಂದರೆ ಬಿಟ್ ಕತ್ತರಿಸದೆ ಉಜ್ಜುತ್ತಿದೆ ಎಂದರ್ಥ. ಆಗ ವೇಗ ತಗ್ಗಿಸಲು ಕೈ ಹೋಗುತ್ತದೆ. ಬಿಟ್ ಹರಿತವಾಗಿಯೇ ಇದ್ದರೆ ಮಾಡಬೇಕಾದದ್ದು ಉಲ್ಟಾ: ಚಲನೆಯನ್ನು ಸ್ವಲ್ಪ ಹೆಚ್ಚಿಸಿ.

ಘಟ್ಟದ ಮೇಲೆ ಮಳೆಗಾಲದ ಕರೆಂಟಿನ ಕಥೆ ಎಲ್ಲರಿಗೂ ಗೊತ್ತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಿರುತ್ತದೆ, ಯಂತ್ರ ಮಾತ್ರ ಬಿಟ್ ಮರದೊಳಗಿರುವಾಗಲೇ ನಿಂತುಬಿಡುತ್ತದೆ. ಕೂಡಲೇ ಸ್ವಿಚ್ ಆರಿಸಿ, ಝಡ್ ಗುಂಡಿಯನ್ನು ಕೈಯಲ್ಲಿ ತಿರುಗಿಸಿ ಬಿಟ್ ಮೇಲೆತ್ತಿ. ಲಿಮಿಟ್ ಸ್ವಿಚ್ (ಅಂಚು ತಲುಪಿದ್ದನ್ನು ತಿಳಿಸುವ ಸ್ವಿಚ್) ಇಲ್ಲದ ಯಂತ್ರಕ್ಕೆ ತಾನೆಲ್ಲಿದ್ದೇನೆಂಬುದು ನೆನಪಿರುವುದಿಲ್ಲ. ಆದ್ದರಿಂದ ಹಲಗೆ ಬಿಗಿದ ಕೂಡಲೇ ಅದರ ಸೊನ್ನೆ ಮೂಲೆಯಲ್ಲಿ ವಿ-ಬಿಟ್‌ನಿಂದ ಒಂದು ಸಣ್ಣ ಚುಕ್ಕೆ ಕೊರೆದುಕೊಂಡಿರಿ. ಮತ್ತೆ ಅಲ್ಲಿಂದಲೇ ಸೊನ್ನೆ ಹಾಕಬಹುದು.

ಲೇಸರ್ ತಲೆ ಹಾಕಿದಾಗ

ಪೆಟ್ಟಿಗೆಯ ಮೇಲಿನ ದೊಡ್ಡ ವ್ಯಾಟಿನ ಅಂಕಿ ನಂಬಬೇಡಿ. ಅದು ಹಲವು ಬಾರಿ ಎಳೆಯುವ ವಿದ್ಯುತ್ತಿನದು. ಕೇಳಬೇಕಾದ್ದು ಬೆಳಕಿನ ಶಕ್ತಿ, 5 ವ್ಯಾಟ್ ಇದ್ದರೆ ಗುರುತು ಹಾಕಲು ಧಾರಾಳ. ಯಂತ್ರವನ್ನು ಓಡಿಸುವ ಜಿಆರ್‌ಬಿಎಲ್ ನಿಯಂತ್ರಕದಲ್ಲಿ $32=1 ಎಂದು ಲೇಸರ್ ವಿಧಾನದ ಸೂಚನೆ ಕೊಡಿ. ಕೊಡದಿದ್ದರೆ ಮೂಲೆ ತಿರುಗುವಲ್ಲೆಲ್ಲ ಕಪ್ಪು ಚುಕ್ಕೆ ಬೀಳುತ್ತದೆ. ನಿಯಂತ್ರಕದಲ್ಲಿ ಗರಿಷ್ಠ ಶಕ್ತಿ ಹೇಳುವ $30ರ ಬೆಲೆಯೂ ತಂತ್ರಾಂಶದ ಗರಿಷ್ಠ ಎಸ್ (ಶಕ್ತಿಯ ಅಂಕಿ) ಬೆಲೆಯೂ ಒಂದೇ ಇರಲಿ. ನಿಯಂತ್ರಕದಲ್ಲಿ 10000, ತಂತ್ರಾಂಶದಲ್ಲಿ 1000 ಇದ್ದರೆ ಹತ್ತನೇ ಒಂದು ಪಾಲು ಶಕ್ತಿ ಮಾತ್ರ ಬರುತ್ತದೆ, ಜನ ಲೇಸರ್ ಕೆಟ್ಟಿತೆಂದು ಬಿಚ್ಚಿ ಕೂರುತ್ತಾರೆ.

ನೀಲಿ ಡಯೋಡಿನದು 450 ನ್ಯಾನೋಮೀಟರ್ ಆಸುಪಾಸಿನ ಬೆಳಕು. ಅದಕ್ಕೆಂದೇ ಮಾಡಿದ, ಓಡಿ (ಬೆಳಕು ತಡೆಯುವ ಮಟ್ಟ) 5 ಅಥವಾ ಹೆಚ್ಚಿನ ಕನ್ನಡಕ ಬೇಕು. ತಂಪು ಕನ್ನಡಕ ನಡೆಯುವುದಿಲ್ಲ. ರೆಕ್ಸಿನ್, ಪಿವಿಸಿ ತುಂಡು ಯಾವ ಕಾರಣಕ್ಕೂ ಸುಡಬೇಡಿ: ಹೊರಬರುವ ಹೈಡ್ರೋಜನ್ ಕ್ಲೋರೈಡ್ ಅನಿಲ ಶ್ವಾಸಕೋಶಕ್ಕೂ ಕೆಟ್ಟದ್ದು, ಯಂತ್ರದ ಕಬ್ಬಿಣಕ್ಕೂ ಕೆಟ್ಟದ್ದು. ಪಾರದರ್ಶಕ ಅಕ್ರಿಲಿಕ್‌ನಲ್ಲಿ ನೀಲಿ ಬೆಳಕು ದಾಟಿ ಹೋಗುತ್ತದೆ, ಗುರುತೇ ಬೀಳದು.

ಅಡಿಕೆ ಹಾಳೆ ತಟ್ಟೆಗೆ ಹೆಸರು ಹಾಕುವುದಾದರೆ ಮೊದಲು ಒಂದು ರದ್ದಿ ತಟ್ಟೆಯ ಮೇಲೆ ಚೌಕಗಳ ಸಾಲು ಸುಡಿ: ವೇಗ ನಿಮಿಷಕ್ಕೆ 1000ದಿಂದ 3000 ಮಿ.ಮೀ., ಶಕ್ತಿ ಶೇ 20ರಿಂದ 80. ಹಾಳೆಯ ನಾರು ಒಂದೊಂದು ಕಡೆ ಒಂದೊಂದು ಬಣ್ಣಕ್ಕೆ ಸುಡುತ್ತದೆ. ತೇವ ಹಿಡಿದ ತಟ್ಟೆ ಮಂಕಾಗಿ, ಒಣಗಿದ್ದು ಗಾಢವಾಗಿ ಬರುವುದರಿಂದ ಒಂದೇ ಕಟ್ಟಿನ ತಟ್ಟೆಗಳನ್ನು ಒಟ್ಟಿಗೆ ಬಿಸಿಲಿಗೆ ಹಾಕಿ ತೆಗೆದುಕೊಳ್ಳಿ. ಸಮತಟ್ಟಾದ ತಳಕ್ಕೇ ಫೋಕಸ್ ಮಾಡಿ, ಏರಿದ ಅಂಚಿನತ್ತ ಗೆರೆ ಹಬ್ಬದಂತೆ ನೋಡಿಕೊಳ್ಳಿ. ಹಾಳೆ ಬೇಗ ಕಿಡಿ ಹಿಡಿಯುತ್ತದೆ. ಲೇಸರ್ ಉರಿಯುವಷ್ಟು ಹೊತ್ತೂ ನೀರು ತುಂಬಿದ ಸ್ಪ್ರೇ ಬಾಟಲಿಯೊಂದಿಗೆ ಅಲ್ಲೇ ಕೂತಿರಬೇಕು.