ವಲಯವೇ ಬೇರೆ, ಬಳಕೆಯೇ ಬೇರೆ: ನಗರ ಯೋಜನೆಯ ಮಾಹಿತಿಗೆ ಆಂಟಾಲಜಿ ಕಟ್ಟುವುದು

ಒಂದು ನಕ್ಷೆಯಲ್ಲಿ ‘ವಸತಿ’ ಎಂದರೆ ಅಲ್ಲಿ ಮನೆಗಳಿವೆ ಎಂದರ್ಥ, ಇನ್ನೊಂದರಲ್ಲಿ ಮನೆ ಕಟ್ಟಬಹುದು ಎಂದರ್ಥ. ಮೊದಲನೆಯದು ಬಳಕೆ, ಎರಡನೆಯದು ವಲಯ. ಎರಡನ್ನೂ ಒಂದೇ ಪದರಕ್ಕೆ ಸುರಿದರೆ ಆಮೇಲೆ ಯಾವ ತಂತ್ರಾಂಶವೂ ಬೇರ್ಪಡಿಸಿ ಕೊಡದು. ಯಾವ ಬಗೆಯ ಸಂಗತಿಗಳಿವೆ, ಅವುಗಳ ನಡುವೆ ಏನು ಸಂಬಂಧ ಎಂಬುದನ್ನು ಕಂಪ್ಯೂಟರಿಗೆ ತಿಳಿಯುವಂತೆ ಬರೆದಿಡುವ ಮಾದರಿಯೇ ಆಂಟಾಲಜಿ.

ಆಂಟಾಲಜಿ ಬರೆಯುವ ತಂತ್ರಾಂಶವಾದ ಪ್ರೊಟೆಜೆ ತೆರೆಯುವ ಮೊದಲೇ ವ್ಯವಸ್ಥೆ ಉತ್ತರಿಸಬೇಕಾದ ಹದಿನೈದು ಇಪ್ಪತ್ತು ಪ್ರಶ್ನೆಗಳನ್ನು ಬರೆದಿಡಿ. ‘ಕೈಗಾರಿಕಾ ವಲಯದೊಳಗೆ ಸದ್ಯ ಶಾಲೆ ನಡೆಯುತ್ತಿರುವ ನಿವೇಶನಗಳು ಯಾವುವು?’ ಎಂಬಂಥವು. ಯಾವ ಪ್ರಶ್ನೆಗೂ ಬೇಡದ ಕ್ಲಾಸ್ (ಒಂದೇ ಬಗೆಯ ಸಂಗತಿಗಳ ಗುಂಪು) ಬೇಡ.

ನಿವೇಶನ, ಭೂಹೊದಿಕೆ (ನೆಲವನ್ನು ಮುಚ್ಚಿರುವ ಕಟ್ಟಡ, ಮರ, ನೀರು ಇತ್ಯಾದಿ), ಈಗಿನ ಬಳಕೆ, ವಲಯ, ವಲಯದ ನಿಯಮ: ಈ ಐದನ್ನೂ ಪ್ರತ್ಯೇಕ ಕ್ಲಾಸ್ ಮಾಡಿ. ವಾರ್ಡು ನಗರದ ಭಾಗ, ನಗರದ ಉಪಕ್ಲಾಸ್ (ಅಂದರೆ ನಗರದ ಒಂದು ಬಗೆ) ಅಲ್ಲ. ಹೊಸಬರು ಎಡವುವುದೇ ಇಲ್ಲಿ. ಬಳಕೆಯ ಉದ್ದನೆಯ ಸಂಕೇತಪಟ್ಟಿಯನ್ನು ಕ್ಲಾಸುಗಳಾಗಿಸುವ ಬದಲು ಪದಪಟ್ಟಿಗಳಿಗೆಂದೇ ಇರುವ ಮಾನಕವಾದ ಎಸ್‌ಕೆಒಎಸ್ ಪದಕೋಶದಲ್ಲಿಟ್ಟರೆ ಪಟ್ಟಿ ಬದಲಾದಾಗ ಮಾದರಿ ಅಲುಗಾಡದು.

‘ನಿವೇಶನಕ್ಕೆ ಒಂದೇ ವಲಯ’ ಎಂದು ಫಂಕ್ಷನಲ್ ಪ್ರಾಪರ್ಟಿ (ಒಂದೇ ಉತ್ತರವಿರುವ ಸಂಬಂಧ) ಬರೆಯುವ ಆಸೆ ಎಲ್ಲರಿಗೂ ಬರುತ್ತದೆ. ಗಡಿಯ ಮೇಲಿನ ನಿವೇಶನಕ್ಕೆ ಎರಡು ವಲಯ ತಗುಲಿದಾಗ ರೀಸನರ್ (ಬರೆದಿಟ್ಟದ್ದರಿಂದ ತೀರ್ಮಾನ ಹೊರಡಿಸುವ ತಂತ್ರಾಂಶ) ತಪ್ಪು ತೋರಿಸುವುದಿಲ್ಲ. ಆ ಎರಡು ವಲಯಗಳು ಒಂದೇ ಎಂದು ತೀರ್ಮಾನಿಸಿ ಸುಮ್ಮನಾಗುತ್ತದೆ. ವಲಯಗಳು ಪರಸ್ಪರ ಭಿನ್ನವೆಂದು ಘೋಷಿಸಿದ್ದರೆ ಮಾತ್ರ ವಿರೋಧ ಹೊರಬೀಳುತ್ತದೆ. ವಲಯವೇ ನಮೂದಾಗದ ನಿವೇಶನವೂ ಆಂಟಾಲಜಿ ಬರೆಯುವ ಭಾಷೆಯಾದ ಒಡಬ್ಲ್ಯೂಎಲ್ ಕಣ್ಣಿಗೆ ದೋಷವಲ್ಲ, ಇನ್ನೂ ತಿಳಿಯದ ಸಂಗತಿ ಅಷ್ಟೇ. ಇಂಥ ಪರಿಶೀಲನೆ 2017ರಲ್ಲಿ ವೆಬ್ ಮಾನಕಗಳ ಸಂಸ್ಥೆಯಾದ ಡಬ್ಲ್ಯೂ3ಸಿಯ ಶಿಫಾರಸಾದ, ಮಾಹಿತಿ ನಿಯಮದಂತಿದೆಯೇ ಎಂದು ನೋಡುವ ಭಾಷೆ ಷ್ಯಾಕಲ್‌ನ ಕೆಲಸ. ‘ಕನಿಷ್ಠ 1 ವಲಯ’ ಎಂಬ ನಿಯಮವನ್ನು ಅಲ್ಲಿ ಬರೆಯಿರಿ.

ಆಕಾರಗಳಿಗೆ ಜಿಯೋಸ್ಪಾರ್ಕಲ್ ಎಂಬ ಭೂಮಾಹಿತಿಯ ಮಾನಕ ಸಾಕು: ನಿವೇಶನ ಫೀಚರ್ (ನೆಲದ ಮೇಲಿನ ವಸ್ತು), ಅದರ ಗಡಿರೇಖೆ ಬೇರೆಯೇ ಜಿಯೋಮೆಟ್ರಿ (ಆಕಾರ). ಆಕಾರವನ್ನು ಅಕ್ಷರದಲ್ಲಿ ಬರೆಯುವ ಡಬ್ಲ್ಯೂಕೆಟಿಯಲ್ಲಿ ನಿರ್ದೇಶಾಂಕ ವ್ಯವಸ್ಥೆ ಹೇಳದಿದ್ದರೆ ಸಿಆರ್‌ಎಸ್84 ಎಂದೇ ಲೆಕ್ಕ, ಅಂದರೆ ರೇಖಾಂಶ ಮೊದಲು. ಇನ್ನೊಂದು ವ್ಯವಸ್ಥೆಯಾದ ಇಪಿಎಸ್‌ಜಿ 4326ರಲ್ಲಿ ಅಕ್ಷಾಂಶ ಮೊದಲು. ಅದಲುಬದಲಾದರೆ ಊರು ಸಮುದ್ರದಲ್ಲಿ ತೇಲುತ್ತಿರುತ್ತದೆ.

ನಿವೇಶನ ವಲಯದ ‘ಒಳಗಿದೆ’ ಎಂಬುದನ್ನು ಒಡಬ್ಲ್ಯೂಎಲ್ ರೀಸನರ್ ಆಕಾರ ನೋಡಿ ಲೆಕ್ಕ ಹಾಕದು. ಅದು ಡೇಟಾಬೇಸಿನ ಪಾಲು. ಅಲ್ಲಿಯೂ ಗಡಿ ಗೆರೆ ಎರಡು ಸೆಂಟಿಮೀಟರ್ ಹೊರಚಾಚಿದರೆ ಉತ್ತರ ‘ಇಲ್ಲ’. ಹಾಗಾಗಿ ನಿವೇಶನದ ವಿಸ್ತೀರ್ಣದಲ್ಲಿ ವಲಯದೊಳಗೆ ಬೀಳುವ ಪಾಲನ್ನು ಲೆಕ್ಕ ಹಾಕಿ, ಶೇ. 95 ಮೀರಿದರೆ ‘ಒಳಗೆ’ ಎನ್ನುವಂಥ ಮಿತಿ ಇಡಿ. ಎಷ್ಟು ಶೇಕಡಾ ಎಂಬುದನ್ನು ಯೋಜಕರೇ ನಿರ್ಧರಿಸಲಿ, ಪ್ರೋಗ್ರಾಮರ್ ಅಲ್ಲ.

ಯೋಜನೆ ಪರಿಷ್ಕರಣೆಯಾದಾಗ ಹಳೆಯ ವಲಯವನ್ನು ಅಳಿಸಬೇಡಿ. ಜಾರಿಯ ಆರಂಭ, ಅಂತ್ಯದ ದಿನಾಂಕ ಸೇರಿಸಿ ಉಳಿಸಿಕೊಳ್ಳಿ. ಹಿಂದೆ ಕೊಟ್ಟ ಅನುಮತಿಗಳು ಅದನ್ನೇ ನೆಚ್ಚಿಕೊಂಡಿರುತ್ತವೆ.